ಹುಳು ಹಿಡಿಯುವ ವಿದ್ಯೆ

ಹಳೆಯ ಓಲೆಗರಿಗಳ ಕೊನೆಯಲ್ಲಿ ಪ್ರತಿಕಾರನು ಓದುಗರಲ್ಲಿ ಒಂದು ಬಿನ್ನಹ ಮಾಡಿಕೊಳ್ಳುವುದುಂಟು. ಕೈತಪ್ಪಿಯೋ ಕಣ್ತಪ್ಪಿಯೋ ಎಲ್ಲಿಯಾದರೂ ಅಕ್ಷರ ಬಿಟ್ಟುಹೋಗಿದ್ದರೆ ಬಲ್ಲವರು ತಿದ್ದಿಕೊಂಡು ಓದಬೇಕು ಎಂಬುದು ಅದರ ಸಾರ. ಅಚ್ಚಿನ ಕಾಲ ಬಂದಮೇಲೆ ಪುಸ್ತಕದ ಕಡೆಯಲ್ಲಿ ಒಪ್ಪೋಲೆ ಸೇರಿಸುವ ರೂಢಿ ಬಂತು. ಎರಡರ ಹಿಂದೆಯೂ ಇರುವುದು ಒಂದೇ ನಂಬಿಕೆ. ಓದುವವನು ಮನುಷ್ಯ, ಅವನಿಗೆ ವಿವೇಕವುಂಟು, ‘ರಾಮನು ಕಾಡಿಗೆ ಹೊದನು’ ಎಂದು ಅಚ್ಚಾಗಿದ್ದರೆ ‘ಹೋದನು’ ಎಂದು ತಾನೇ ಓದಿಕೊಳ್ಳುತ್ತಾನೆ.

ಈ ನಂಬಿಕೆಗೆ ಆಸ್ಪದವನ್ನೇ ಕೊಡದ ಓದುಗನೊಬ್ಬ ಕಳೆದ ಶತಮಾನದ ನಡುಗಾಲದಲ್ಲಿ ಹುಟ್ಟಿಕೊಂಡ. ಅವನೇ ಗಣಕಯಂತ್ರ. ಬರೆದದ್ದನ್ನು ಬರೆದ ಹಾಗೆಯೇ ಓದುತ್ತಾನೆ. ಓದಿದ್ದನ್ನು ಓದಿದ ಹಾಗೆಯೇ ನಡೆಸುತ್ತಾನೆ. ತಿದ್ದಿಕೊಂಡು ಓದಪ್ಪಾ ಎಂದು ಬೇಡಿಕೊಂಡರೆ ಕೇಳುವ ಕಿವಿ ಅವನಿಗಿಲ್ಲ. ಆದ್ದರಿಂದ ಬರೆದವನೇ ತನ್ನ ತಪ್ಪನ್ನು ಹುಡುಕಿ ತೆಗೆಯಬೇಕು. ಹುಡುಕುವುದಕ್ಕಾಗಿ ಯಂತ್ರದ ಹೊಟ್ಟೆಯೊಳಗೆ ಇಣುಕಿ ನೋಡಬೇಕು. ಹೀಗೆ ಇಣುಕಿ ನೋಡುವ ಸಾಧನಕ್ಕೆ ಡಿಬಗ್ಗರ್ ಎಂದು ಹೆಸರು.

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಯಂತ್ರಶಾಸ್ತ್ರ ನನ್ನ ಕಸುಬಲ್ಲ. ಆದರೆ ಗ್ರಂಥಸಂಪಾದನೆಯ ಪಾಠ ಮಾಡುವಾಗ, ದೋಷ ಹೇಗೆ ನುಸುಳುತ್ತದೆ, ಅದನ್ನು ಹೇಗೆ ಗುರುತಿಸಬೇಕು, ಗುರುತಿಸಿದ ಮೇಲೂ ತಿದ್ದುವ ಮುನ್ನ ಎಷ್ಟು ಯೋಚಿಸಬೇಕು ಎಂದು ವಿದ್ಯಾರ್ಥಿಗಳಿಗೆ ಹೇಳುತ್ತ ಹೇಳುತ್ತ, ಇದೇ ಜಾತಿಯ ವಿದ್ಯೆಯೊಂದು ಗಣಕದವರಲ್ಲಿ ಹೇಗೆ ಬೆಳೆಯಿತೆಂಬ ಕುತೂಹಲ ಹುಟ್ಟಿತು. ಆ ಚರಿತ್ರೆಯನ್ನು ಕೆಲವು ವರ್ಷಗಳಿಂದ ಓದುತ್ತ ಬಂದಿದ್ದೇನೆ. ಇಂದು ನಮ್ಮ ಬ್ಯಾಂಕಿನ ಲೆಕ್ಕ, ರೈಲಿನ ಟಿಕೆಟು, ಪರೀಕ್ಷೆಯ ಅಂಕಪಟ್ಟಿ ಎಲ್ಲವೂ ಈ ವಿವೇಕವಿಲ್ಲದ ಓದುಗನ ಕೈಯಲ್ಲಿ ಇರುವುದರಿಂದ, ವಾಚಕರಿಗೂ ಇದು ತಿಳಿದಿರಬೇಕಾದ ಸಂಗತಿಯೆಂದು ನನ್ನ ಭಾವನೆ.

ಮೊದಲು ಹೆಸರಿನ ವಿಚಾರ. ‘ಬಗ್’ ಎಂದರೆ ಹುಳು. ಯಂತ್ರದ ದೋಷಕ್ಕೆ ಹುಳುವೆಂದು ಕರೆಯುವ ವಾಡಿಕೆ ಗಣಕಯಂತ್ರಕ್ಕಿಂತ ಹಳೆಯದು. ಥಾಮಸ್ ಆಲ್ವಾ ಎಡಿಸನ್ ೧೮೭೮ರಲ್ಲಿ ಬರೆದ ಕಾಗದದಲ್ಲಿಯೇ ಅದು ಕಾಣಸಿಗುತ್ತದೆ. ಆದರೆ ಜನರ ಬಾಯಲ್ಲಿ ನಿಂತಿರುವ ಕಥೆ ಬೇರೆ. ೧೯೪೭ರ ಸೆಪ್ಟೆಂಬರ್ ೯ರಂದು ಅಮೆರಿಕದ ಹಾರ್ವರ್ಡಿನ ‘ಮಾರ್ಕ್ ಎರಡು’ ಎಂಬ ಗಣಕಯಂತ್ರ ಕೆಟ್ಟಿತು. ಬಿಚ್ಚಿ ನೋಡಿದರೆ ಅದರ ವಿದ್ಯುತ್ ಸ್ವಿಚ್ಚೊಂದರ ನಡುವೆ ಪತಂಗವೊಂದು ಸಿಕ್ಕಿ ಸತ್ತಿತ್ತು. ಕೆಲಸಗಾರರು ಅದನ್ನು ತೆಗೆದು ದಿನಚರಿ ಪುಸ್ತಕದ ಹಾಳೆಗೆ ಅಂಟಿಸಿ, ನಿಜವಾದ ಹುಳು ಸಿಕ್ಕಿದ್ದು ಇದೇ ಮೊದಲೆಂದು ತಮಾಷೆಗೆ ಬರೆದಿಟ್ಟರು. ಆ ಹಾಳೆ, ಆ ಪತಂಗ ಈಗಲೂ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿವೆ. ಈ ಕಥೆಯನ್ನು ಊರೂರಿಗೆ ಹಬ್ಬಿಸಿದವರು ಅದೇ ತಂಡದ ಗ್ರೇಸ್ ಹಾಪರ್ ಎಂಬ ವಿದುಷಿ. ಹಳೆಯ ಪದವೊಂದು ಅಂದು ಆಕಸ್ಮಿಕವಾಗಿ ವಾಚ್ಯಾರ್ಥವನ್ನೇ ಪಡೆಯಿತು. ಅದೇ ಅದರ ಸೊಗಸು.

ಪತಂಗವನ್ನಾದರೆ ಚಿಮಟದಿಂದ ತೆಗೆಯಬಹುದು. ಬರವಣಿಗೆಯೊಳಗಿನ ಹುಳುವನ್ನು ಏನು ಮಾಡುವುದು? ಈ ಪ್ರಶ್ನೆ ನಿಜವಾಗಿ ಎದುರಾದದ್ದು ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ. ಅಲ್ಲಿ ಮಾರಿಸ್ ವಿಲ್ಕ್ಸ್ ಮತ್ತು ಸಂಗಡಿಗರು ಕಟ್ಟಿದ ‘ಎಡ್‌ಸ್ಯಾಕ್’ ಎಂಬ ಯಂತ್ರ ೧೯೪೯ರ ಮೇ ೬ರಂದು ಮೊದಲ ಬಾರಿಗೆ ಲೆಕ್ಕ ಮಾಡಿತು. ಮುಂದಿನ ತಿಂಗಳೇ ವಿಲ್ಕ್ಸರು ಗಣಿತದ ಸಮೀಕರಣವೊಂದನ್ನು ಬಿಡಿಸುವ ಪ್ರೋಗ್ರಾಮನ್ನು ಬರೆಯಲು ಕುಳಿತರು. ಒಟ್ಟು ೧೨೬ ಸಾಲು. ಮುಂದೆ ದಶಕಗಳ ಮೇಲೆ ಆ ಕಾಗದದ ಪಟ್ಟಿ ಸಿಕ್ಕಿದಾಗ ಪರಿಶೀಲಿಸಿದವರಿಗೆ ಅದರಲ್ಲಿ ಸುಮಾರು ಇಪ್ಪತ್ತು ತಪ್ಪು ಕಂಡುವು. ವಿಲ್ಕ್ಸರು ಸಾಮಾನ್ಯರಲ್ಲ; ಕೇಂಬ್ರಿಜ್ಜಿನ ಗಣಿತ ಪ್ರಯೋಗಾಲಯದ ಮುಖ್ಯಸ್ಥರು. ಅಂಥವರಿಗೆ ಯಂತ್ರದ ಕೋಣೆಗೂ ಕಾಗದಕ್ಕೆ ತೂತು ಹೊಡೆಯುವ ಕೋಣೆಗೂ ನಡುವೆ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಾಗ, ತನ್ನ ಉಳಿದ ಆಯುಷ್ಯದ ಬಹುಭಾಗ ತನ್ನದೇ ಪ್ರೋಗ್ರಾಮುಗಳ ತಪ್ಪು ಹುಡುಕುವುದರಲ್ಲಿಯೇ ಕಳೆಯಲಿದೆ ಎಂಬ ಅರಿವು ಥಟ್ಟನೆ ಉಂಟಾಯಿತಂತೆ. ಅವರ ಆತ್ಮಕಥೆಯಲ್ಲಿ ಈ ಪ್ರಸಂಗ ಬರುತ್ತದೆ.

ಇದೇ ಪ್ರಯೋಗಾಲಯದ ಸ್ಟ್ಯಾನ್ಲಿ ಗಿಲ್ ಎಂಬ ತರುಣ ೧೯೫೧ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ, ಪ್ರೋಗ್ರಾಮಿನ ತಪ್ಪುಗಳ ನಿದಾನ ಹೇಗೆಂಬ ವಿಷಯವಾಗಿ ಲೇಖನ ಬರೆದ. ‘ನಿದಾನ’ವೆಂದರೆ ವೈದ್ಯರು ರೋಗದ ಮೂಲ ಹುಡುಕುವ ಕ್ರಮ. ಆಗ ಬಳಕೆಯಲ್ಲಿದ್ದ ಉಪಾಯಗಳು ಮೂರು. ಎಡ್‌ಸ್ಯಾಕಿನ ಮೆಮೊರಿಯಲ್ಲಿ ಮೊದಲಿಗೆ ಇದ್ದದ್ದು ೫೧೨ ಮನೆಗಳು. ಅವುಗಳ ಒಳಗೇನಿದೆ ಎಂಬುದು ಚುಕ್ಕಿಚುಕ್ಕಿಯಾಗಿ ಗಾಜಿನ ಪರದೆಯ ಮೇಲೆ ಕಾಣುತ್ತಿತ್ತು. ಯಂತ್ರವನ್ನು ನಿಲ್ಲಿಸಿ ಆ ಚುಕ್ಕಿಗಳನ್ನು ಕಣ್ಣಿಟ್ಟು ಎಣಿಸುವುದು ಮೊದಲನೆಯ ಉಪಾಯ. ಅದಕ್ಕೆ ‘ಇಣುಕುವುದು’ ಎಂದೇ ಹೆಸರು. ಹೊರಗೆ ಸರದಿಯಲ್ಲಿ ಜನ ಕಾದಿರುವಾಗ ಒಬ್ಬನೇ ಹೀಗೆ ಇಣುಕುತ್ತ ಕುಳಿತರೆ ಯಂತ್ರದ ಹೊತ್ತು ಹಾಳು. ಎರಡನೆಯದು ಮರಣೋತ್ತರ ಪರೀಕ್ಷೆ: ಪ್ರೋಗ್ರಾಮು ಕೆಟ್ಟು ನಿಂತಮೇಲೆ ಮೆಮೊರಿಯಲ್ಲಿ ಉಳಿದದ್ದನ್ನು ಅಚ್ಚುಮಾಡಿಸಿ, ಮನೆಗೆ ಒಯ್ದು ಅಭ್ಯಾಸ ಮಾಡುವುದು. ಮೂರನೆಯದನ್ನು ಬೆಳೆಸಿದವನು ಗಿಲ್. ಪ್ರೋಗ್ರಾಮನ್ನು ನೇರವಾಗಿ ಓಡಲು ಬಿಡದೆ, ಇನ್ನೊಂದು ಪ್ರೋಗ್ರಾಮು ಅದರ ಕೈಹಿಡಿದು ಒಂದೊಂದೇ ಹೆಜ್ಜೆ ನಡೆಸುತ್ತ, ಪ್ರತಿ ಹೆಜ್ಜೆಗೂ ವರದಿ ಬರೆಯುವುದು. ಇಂದಿನ ಡಿಬಗ್ಗರುಗಳ ಬೇರು ಇಲ್ಲಿದೆ.

ಮುಂದಿನ ಹೆಜ್ಜೆ ಅಮೆರಿಕದ ಎಂ.ಐ.ಟಿ.ಯಲ್ಲಿ. ಐವತ್ತರ ದಶಕದ ಕೊನೆಯಲ್ಲಿ ಅಲ್ಲಿಗೆ ಬಂದ ‘ಟಿಎಕ್ಸ್-ಸೊನ್ನೆ’ ಎಂಬ ಯಂತ್ರದ ಮುಂದೆ ಮನುಷ್ಯನು ತಾನೇ ಕುಳಿತು ಟೈಪು ಮಾಡಿ ಪ್ರಶ್ನೆ ಕೇಳಬಹುದಾಗಿತ್ತು. ಅಲ್ಲಿನವರು ಬರೆದ ದೋಷಶೋಧಕ ಪ್ರೋಗ್ರಾಮಿಗೆ ‘ಫ್ಲಿಟ್’ ಎಂದು ಹೆಸರು. ನಮ್ಮ ಹಿರಿಯರಿಗೆ ಈ ಹೆಸರು ಕೇಳಿದರೆ ನಗು ಬರಬೇಕು. ಮಂಚದ ಸಂದಿಯ ತಿಗಣೆಗೂ ಮೂಲೆಯ ಸೊಳ್ಳೆಗೂ ಪಂಪು ಹೊಡೆದು ಸಿಂಪಡಿಸುತ್ತಿದ್ದ ಆ ಫ್ಲಿಟ್ಟಿನ ಹೆಸರನ್ನೇ ಹುಡುಗರು ಬೇಕೆಂದು ಇಟ್ಟರು. ೧೯೬೧ರ ಹೊತ್ತಿಗೆ ‘ಪಿಡಿಪಿ-ಒಂದು’ ಎಂಬ ಯಂತ್ರಕ್ಕೆ ಬಂದ ಅದರ ತಮ್ಮನಿಗೆ ‘ಡಿಡಿಟಿ’ ಎಂದು ನಾಮಕರಣವಾಯಿತು. ಮಲೇರಿಯಾ ಇಲಾಖೆಯವರು ಗೋಡೆಗೋಡೆಗೆ ಬಳಿದು, ಬಾಗಿಲ ಮೇಲೆ ತಾರೀಖು ಬರೆದುಹೋಗುತ್ತಿದ್ದ ಡಿಡಿಟಿಯನ್ನು ಬಲ್ಲವರಿಗೆ ಇದರ ವಿನೋದ ವಿವರಿಸಬೇಕಾಗಿಲ್ಲ.

ಡಿಡಿಟಿಯ ಹೆಚ್ಚುಗಾರಿಕೆ ಎರಡು. ಪ್ರೋಗ್ರಾಮಿನ ಇಂಥ ಜಾಗಕ್ಕೆ ಬಂದಾಗ ನಿಲ್ಲು ಎಂದು ಹೇಳಿ, ನಿಂತಾಗ ಯಾವ ಮನೆಯಲ್ಲಿ ಏನಿದೆಯೆಂದು ನೋಡಿ, ಬೇಕಾದರೆ ಬದಲಾಯಿಸಿ, ಮತ್ತೆ ಹೊರಡಿಸಬಹುದಾಗಿತ್ತು. ಎರಡನೆಯದಾಗಿ, ಬರಿಯ ಸಂಖ್ಯೆಗಳಲ್ಲಿ ಮಾತಾಡದೆ, ಬರೆದವನು ಇಟ್ಟ ಹೆಸರುಗಳಿಂದಲೇ ಮಾತಾಡಬಹುದಾಗಿತ್ತು. ಈ ಎರಡನೆಯ ಗುಣ ನೆನಪಿನಲ್ಲಿರಲಿ. ಹೆಸರು ಉಳಿದಿದ್ದರೆ ತಾನೆ ಹೆಸರು ಹಿಡಿದು ಕೇಳಬಹುದು? ಆ ಹೆಸರನ್ನೇ ಅಳಿಸಿಹಾಕುವ ಒಂದು ಪದ್ಧತಿ ಅಷ್ಟರಲ್ಲಿ ಬಳಕೆಗೆ ಬಂದಿತ್ತು. ಅದೇ ಮ್ಯಾಕ್ರೊ.

ಮ್ಯಾಕ್ರೊ ಎಂಬುದನ್ನು ಸಂಸ್ಕೃತ ವ್ಯಾಕರಣ ಓದಿದವರಿಗೆ ವಿವರಿಸುವುದು ಸುಲಭ. ಪಾಣಿನಿ ಎಲ್ಲ ಸ್ವರಗಳನ್ನೂ ಸೂತ್ರಸೂತ್ರಕ್ಕೆ ಪಟ್ಟಿಮಾಡುವುದಿಲ್ಲ, ‘ಅಚ್’ ಎನ್ನುತ್ತಾನೆ. ವ್ಯಂಜನಗಳಿಗೆ ‘ಹಲ್’ ಎನ್ನುತ್ತಾನೆ. ಆ ಎರಡಕ್ಷರ ಕಂಡಲ್ಲೆಲ್ಲ ಓದುಗನು ಇಡೀ ಪಟ್ಟಿಯನ್ನು ಹಾಕಿಕೊಳ್ಳಬೇಕು. ಮ್ಯಾಕ್ರೊ ಕೂಡ ಇಂಥ ಸಂಕ್ಷೇಪವೇ. ಒಂದು ಪುಟ್ಟ ಹೆಸರು ಇಡುವುದು. ಅದು ಬಂದಲ್ಲೆಲ್ಲ ಇಂಥ ಉದ್ದನೆಯ ಬರಹವನ್ನು ತುಂಬು ಎಂದು ವಿಧಿಸುವುದು. ಯಂತ್ರದ ಭಾಷೆಯಲ್ಲಿ ಬರೆಯುವ ಬೇಸರ ತಪ್ಪಿಸಲು ಐವತ್ತರ ದಶಕದಲ್ಲಿ ಹುಟ್ಟಿದ ಈ ಉಪಾಯಕ್ಕೆ, ಬೆಲ್ ಪ್ರಯೋಗಾಲಯದ ಡಗ್ಲಸ್ ಮೆಕಿಲ್ರಾಯ್ ೧೯೬೦ರಲ್ಲಿ ಪ್ರಕಟಿಸಿದ ಲೇಖನವೊಂದು ಶಾಸ್ತ್ರದ ಗೌರವ ತಂದಿತು. ಅದೇ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ‘ಸಿ’ ಎಂಬ ಭಾಷೆಯನ್ನು ಕಟ್ಟಿದರು. ೧೯೭೨-೭೩ರ ಸುಮಾರಿಗೆ, ಅಲನ್ ಸ್ನೈಡರ್ ಎಂಬವರ ಒತ್ತಾಯದಿಂದ ಅದಕ್ಕೂ ಮ್ಯಾಕ್ರೊ ಸೇರಿತು. ಮುಂದೆ ಮೈಕ್ ಲೆಸ್ಕ್, ಜಾನ್ ರೈಸರ್ ಅದನ್ನು ವಿಸ್ತರಿಸಿದರು.

ಉಪಾಯವೇನೋ ಚೆನ್ನು. ಅಪಾಯ ಎಲ್ಲಿ? ಒಂದು ಚಿಕ್ಕ ಲೆಕ್ಕದಿಂದ ಹೇಳುತ್ತೇನೆ. ‘ವರ್ಗ’ ಎಂದು ಒಂದು ಮ್ಯಾಕ್ರೊ ಇದೆ ಎನ್ನಿ. ಕೊಟ್ಟದ್ದನ್ನು ಎರಡು ಸಲ ಬರೆದು ನಡುವೆ ಗುಣಾಕಾರದ ಚಿಹ್ನೆ ಹಾಕು ಎಂಬುದು ಅದರ ವಿಧಿ. ೫ ಕೊಟ್ಟರೆ ೫×೫, ಅಂದರೆ ೨೫. ಸರಿ. ಈಗ ೫ರ ಬದಲು ೨+೩ ಎಂದು ಕೊಡಿ. ಮನುಷ್ಯನಾದರೆ ಮೊದಲು ಕೂಡಿಸಿ ಆಮೇಲೆ ಗುಣಿಸುತ್ತಾನೆ. ಮ್ಯಾಕ್ರೊ ಕೂಡಿಸುವುದಿಲ್ಲ, ನಕಲು ಮಾಡುತ್ತದೆ: ೨+೩×೨+೩. ಗುಣಾಕಾರ ಮೊದಲಾಗಬೇಕೆಂಬ ನಿಯಮದಂತೆ ೨+೬+೩, ಅಂದರೆ ೧೧. ಆವರಣ ಚಿಹ್ನೆ ಹಾಕದಿದ್ದರಿಂದ ೨೫ ಹೋಗಿ ೧೧ ಆಯಿತು. ಇಷ್ಟೇ ಆಗಿದ್ದರೆ ಕಂಡುಹಿಡಿಯಬಹುದಿತ್ತು. ಆದರೆ ಈ ನಕಲಿನ ಕೆಲಸವನ್ನು ಮುಖ್ಯ ಅನುವಾದಕ ಬರುವ ಮೊದಲೇ ಬೇರೊಬ್ಬ ಗುಮಾಸ್ತ ಮುಗಿಸಿಬಿಟ್ಟಿರುತ್ತಾನೆ. ಅನುವಾದಕನ ಕೈಗೆ ಹೋಗುವ ಪ್ರತಿಯಲ್ಲಿ ‘ವರ್ಗ’ ಎಂಬ ಹೆಸರೇ ಇರುವುದಿಲ್ಲ. ಆಮೇಲೆ ಡಿಬಗ್ಗರನ್ನು ಕರೆದು ‘ವರ್ಗ’ ಎಂದರೇನು ಎಂದು ಕೇಳಿದರೆ, ಅಂಥ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂದು ಬಿಡುತ್ತದೆ.

ಇದರಲ್ಲಿ ಇನ್ನೊಂದು ವಿನೋದವುಂಟು. ಬೆಲ್ ಪ್ರಯೋಗಾಲಯದ ಸ್ಟೀವ್ ಬೋರ್ನ್ ‘ಆಲ್ಗಾಲ್’ ಭಾಷೆಯ ಅಭಿಮಾನಿ. ೧೯೭೯ರ ಯುನಿಕ್ಸಿನೊಂದಿಗೆ ಹೊರಬಂದ ತನ್ನ ‘ಶೆಲ್’ ಎಂಬ ಪ್ರಸಿದ್ಧ ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ಬರೆಯುವಾಗ, ಅವನು ಮ್ಯಾಕ್ರೊಗಳನ್ನು ಎಷ್ಟು ಬಳಸಿದನೆಂದರೆ ಓದಿದವರಿಗೆ ಅದು ಸಿ ಎಂದೇ ತೋರುತ್ತಿರಲಿಲ್ಲ, ಆಲ್ಗಾಲ್ ಎಂದೇ ತೋರುತ್ತಿತ್ತು. ಯುನಿಕ್ಸಿನ ಅಂದಿನ ಡಿಬಗ್ಗರಾದ ‘ಎಡಿಬಿ’ಯನ್ನು ಬರೆದವನೂ ಅವನೇ, ಅದೇ ಶೈಲಿಯಲ್ಲಿ. ಹುಳು ಹಿಡಿಯುವ ಸಾಧನವೇ ವೇಷ ಹಾಕಿಕೊಂಡು ನಿಂತಿತ್ತು! ಇಂಥ ಬರವಣಿಗೆಯನ್ನು ಕಂಡು ಬೆರಗಾದ ಇಬ್ಬರು ಎಂಜಿನಿಯರುಗಳು ೧೯೮೪ರಲ್ಲಿ, ಯಾರಿಗೂ ಅರ್ಥವಾಗದಂತೆ ಸಿ ಬರೆಯುವವರಿಗಾಗಿ ಒಂದು ಸ್ಪರ್ಧೆಯನ್ನೇ ಏರ್ಪಡಿಸಿದರು.

ಅಳಿದ ಹೆಸರನ್ನು ಉಳಿಸುವ ದಾರಿ ಸಿಕ್ಕಲು ಬಹಳ ಕಾಲ ಹಿಡಿಯಿತು. ರಿಚರ್ಡ್ ಸ್ಟಾಲ್ಮನ್ ೧೯೮೬ರಲ್ಲಿ ಬರೆದ ‘ಜಿಡಿಬಿ’ ಎಂಬ ಡಿಬಗ್ಗರ್ ಇಂದಿಗೂ ಬಳಕೆಯಲ್ಲಿದೆ. ಅನುವಾದಕನು ಪ್ರೋಗ್ರಾಮಿನ ಜೊತೆಗೆ ಡಿಬಗ್ಗರಿಗಾಗಿ ಬರೆದಿಡುವ ಟಿಪ್ಪಣಿಗಳಿಗೆ ‘ಡ್ವಾರ್ಫ್’ ಎಂಬ ಒಂದು ಕ್ರಮವಿದೆ. ೧೯೯೩ರ ಅದರ ಎರಡನೆಯ ಆವೃತ್ತಿಯಲ್ಲಿ ಮ್ಯಾಕ್ರೊಗಳಿಗೂ ಜಾಗ ಸಿಕ್ಕಿತು. ಯಾವ ಹೆಸರಿಗೆ ಯಾವ ಸಾಲಿನಲ್ಲಿ ಯಾವ ಅರ್ಥ ವಿಧಿಸಲಾಯಿತು, ಯಾವ ಸಾಲಿನಲ್ಲಿ ಅದನ್ನು ಹಿಂತೆಗೆಯಲಾಯಿತು ಎಂಬುದು ಅದರಲ್ಲಿ ದಾಖಲೆಯಾಗುತ್ತದೆ. ಸಾಲಿನ ಲೆಕ್ಕ ಏಕೆಂದರೆ, ಒಂದೇ ಮ್ಯಾಕ್ರೊ ಪುಟದ ಮೇಲ್ಭಾಗದಲ್ಲಿ ಒಂದರ್ಥ, ಕೆಳಭಾಗದಲ್ಲಿ ಇನ್ನೊಂದರ್ಥ ಕೊಡಬಹುದು. ಪ್ರೋಗ್ರಾಮು ಈಗ ಎಲ್ಲಿ ನಿಂತಿದೆ ಎಂಬುದನ್ನು ನೋಡಿಯೇ ಅರ್ಥ ಹೇಳಬೇಕು. ೨೦೦೨ರ ಸುಮಾರಿಗೆ ಜಿಡಿಬಿ ಈ ಟಿಪ್ಪಣಿಯನ್ನು ಓದಲು ಕಲಿತಿತು. ಈಗ ‘ಮ್ಯಾಕ್ರೊ ಎಕ್ಸ್‌ಪ್ಯಾಂಡ್’ ಎಂದು ಅಪ್ಪಣೆ ಕೊಟ್ಟರೆ ಸಂಕ್ಷೇಪವನ್ನು ಬಿಡಿಸಿ, ೨+೩×೨+೩ ಎಂದು ಕಣ್ಣೆದುರಿಗೆ ಇಡುತ್ತದೆ. ಆದರೆ ಅನುವಾದಕನಿಗೆ ಮೊದಲೇ ‘ಜಿ-ಮೂರು’ ಎಂಬ ಸೂಚನೆ ಕೊಟ್ಟಿರಬೇಕು. ಬರಿಯ ‘ಜಿ’ ಕೊಟ್ಟರೆ ಮ್ಯಾಕ್ರೊಗಳ ಟಿಪ್ಪಣಿ ಸಾಮಾನ್ಯವಾಗಿ ಬರುವುದಿಲ್ಲ. ಎಷ್ಟೋ ಹೊಸಬರು ಡಿಬಗ್ಗರನ್ನು ಬೈಯುವುದು ಇಲ್ಲಿಯೇ.

ಇನ್ನು ಎರಡನೆಯ ಕಾಟ, ಮೆಮೊರಿಯದು. ಇದನ್ನು ತಿಳಿಯಲು ನಮ್ಮ ಹಳೆಯ ವಠಾರವನ್ನು ನೆನೆದುಕೊಂಡರೆ ಸಾಕು. ಸಾಲಾಗಿ ನಂಬರು ಹಾಕಿದ ಮನೆಗಳು, ಒಬ್ಬ ಮಾಲೀಕ. ಪ್ರೋಗ್ರಾಮು ಬಂದು ಇಷ್ಟು ಮನೆ ಬೇಕೆಂದು ಕೇಳುತ್ತದೆ, ಬೀಗದ ಕೈ ಪಡೆಯುತ್ತದೆ, ಕೆಲಸ ಮುಗಿದಮೇಲೆ ಹಿಂದಿರುಗಿಸುತ್ತದೆ. ಸಿ ಭಾಷೆಯ ವಠಾರದಲ್ಲಿ ಕಾವಲುಗಾರನಿಲ್ಲ. ಎಲ್ಲ ಬಾಡಿಗೆದಾರನ ಮರ್ಯಾದೆಗೆ ಬಿಟ್ಟದ್ದು. ಆದ್ದರಿಂದ ನಾಲ್ಕು ಬಗೆಯ ತಕರಾರು ಏಳುತ್ತವೆ. ಮೂರು ಮನೆ ಪಡೆದವನು ನಾಲ್ಕನೆಯ ಮನೆಯಲ್ಲೂ ಸಾಮಾನು ಇಡುವುದು ಒಂದು. ಮನೆ ಬಿಟ್ಟುಕೊಟ್ಟವನು ಹಳೆಯ ಕೈ ಇಟ್ಟುಕೊಂಡು ಮತ್ತೆ ಒಳಹೊಗುವುದು ಎರಡು. ಅಷ್ಟರಲ್ಲಿ ಅಲ್ಲಿ ಬೇರೆ ಸಂಸಾರ ಹೂಡಿರಬಹುದು. ಕೆಲಸ ಮುಗಿದರೂ ಖಾಲಿ ಮಾಡದೆ, ಹೊಸ ಹೊಸ ಮನೆ ಹಿಡಿಯುತ್ತ ಹೋಗಿ ವಠಾರವನ್ನೆಲ್ಲ ತುಂಬುವುದು ಮೂರು. ಹಿಂದಿನವನು ಬಿಟ್ಟುಹೋದ ಕಸವನ್ನು ತನ್ನ ಸಾಮಾನೆಂದು ಎತ್ತಿಕೊಳ್ಳುವುದು ನಾಲ್ಕು.

ಇವು ಕಠಿಣವಾಗುವುದು ತಪ್ಪು ಆಗುವ ಸ್ಥಳ ಬೇರೆ, ನೋವು ಕಾಣಿಸುವ ಸ್ಥಳ ಬೇರೆ ಆದ್ದರಿಂದ. ಬೆಳಿಗ್ಗೆ ಪಕ್ಕದ ಮನೆಯಲ್ಲಿ ಇಟ್ಟ ಸಾಮಾನು ಸಂಜೆ ಆ ಮನೆಯವರು ಬಂದಾಗ ಜಗಳವಾಗುತ್ತದೆ. ಡಿಬಗ್ಗರ್ ಸಂಜೆಯ ಜಗಳವನ್ನು ತೋರಿಸುತ್ತದೆ. ಬೆಳಿಗ್ಗೆ ಯಾರು ಬಂದಿದ್ದರೆಂಬುದನ್ನು ತೋರಿಸುವುದಿಲ್ಲ. ಮೊದಲನೆಯ ಬಗೆಯ ತಪ್ಪು ಎಷ್ಟು ದೂರ ಹೋಗಬಹುದೆಂಬುದನ್ನು ೧೯೮೮ರ ನವೆಂಬರ್ ೨ರಂದು ಲೋಕ ಕಂಡಿತು. ಅಮೆರಿಕದ ವಿದ್ಯಾರ್ಥಿಯೊಬ್ಬ ಬಿಟ್ಟ ಪ್ರೋಗ್ರಾಮೊಂದು, ೫೧೨ ಮನೆಗಳಷ್ಟೇ ಇದ್ದ ಜಾಗಕ್ಕೆ ೫೩೬ ಅಕ್ಷರಗಳನ್ನು ತುರುಕಿ, ಹೆಚ್ಚಾದ ಅಕ್ಷರಗಳಿಂದ ಯಂತ್ರದ ಹಿಡಿತವನ್ನೇ ತೆಗೆದುಕೊಂಡು, ಸಾವಿರಾರು ಗಣಕಯಂತ್ರಗಳನ್ನು ಉಸಿರುಕಟ್ಟಿಸಿತು. ಅದು ನುಗ್ಗಿದ ಇನ್ನೊಂದು ಬಾಗಿಲೂ ಉಲ್ಲೇಖಾರ್ಹ: ಅಂಚೆಯ ಪ್ರೋಗ್ರಾಮಿನಲ್ಲಿ ದೋಷಶೋಧನೆಯ ಅನುಕೂಲಕ್ಕೆಂದು ಇಟ್ಟು, ಮುಚ್ಚದೆ ಬಿಟ್ಟಿದ್ದ ‘ಡಿಬಗ್’ ಎಂಬ ಕಿಂಡಿ.

ವಠಾರಕ್ಕೆ ಕಾವಲು ಹಾಕಲೇಬೇಕೆಂದು ಹೊರಟವರಲ್ಲಿ ರೀಡ್ ಹೇಸ್ಟಿಂಗ್ಸ್ ಮುಖ್ಯ. ಮುಂದೆ ನೆಟ್‌ಫ್ಲಿಕ್ಸ್ ಕಂಪನಿಯ ಸ್ಥಾಪಕರಲ್ಲಿ ಒಬ್ಬನಾದವನು ಇವನೇ. ೧೯೯೧ರಲ್ಲಿ ಇವನು ತಂದ ‘ಪ್ಯೂರಿಫೈ’, ಮೆಮೊರಿಯ ಪ್ರತಿಯೊಂದು ಮನೆಗೂ ಒಂದು ಪುಟ್ಟ ಲೆಕ್ಕದ ಚೀಟಿ ಇಡುತ್ತಿತ್ತು. ಬಾಡಿಗೆಗೆ ಹೋಗಿಲ್ಲ, ಹೋಗಿದೆ, ಆದರೆ ಇನ್ನೂ ಏನನ್ನೂ ಇಟ್ಟಿಲ್ಲ, ಹೋಗಿದೆ, ಸಾಮಾನೂ ಇದೆ ಎಂದು ಮೂರು ಸ್ಥಿತಿ. ಪ್ರೋಗ್ರಾಮು ಯಾವ ಬಾಗಿಲು ತಟ್ಟಿದರೂ ಮೊದಲು ಚೀಟಿ ನೋಡುವುದು. ತಪ್ಪಿದ್ದರೆ ಆ ಕ್ಷಣವೇ ದೂರುವುದು. ೨೦೦೨ರಲ್ಲಿ ಜೂಲಿಯನ್ ಸೆವರ್ಡ್ ಎಂಬವರು ‘ವ್ಯಾಲ್‌ಗ್ರಿಂಡ್’ ಎಂಬ ಸಾಧನವನ್ನು ಎಲ್ಲರಿಗೂ ಬಿಟ್ಟಿಯಾಗಿ ಹಂಚಿದರು. ಅದು ಇನ್ನೂ ಸೂಕ್ಷ್ಮ: ಮನೆಗಷ್ಟೇ ಅಲ್ಲ, ಮನೆಯೊಳಗಿನ ಒಂದೊಂದು ಬಿಟ್ಟಿಗೂ ಲೆಕ್ಕವಿಡುತ್ತದೆ. ಇದರಡಿಯಲ್ಲಿ ಪ್ರೋಗ್ರಾಮು ಇಪ್ಪತ್ತು ಮೂವತ್ತು ಪಟ್ಟು ನಿಧಾನವಾಗುತ್ತದೆ. ಆದರೂ ಜನ ಸಹಿಸುತ್ತಾರೆ. ಇದರ ಜೊತೆಗಾರ ನಿಕೊಲಸ್ ನೆದರ್‌ಕೋಟ್ ೨೦೦೪ರಲ್ಲಿ ಇದೇ ವಿಷಯವಾಗಿ ಡಾಕ್ಟರೇಟ್ ಪಡೆದದ್ದು ಕೇಂಬ್ರಿಜ್ಜಿನಲ್ಲಿ. ಪ್ರೋಗ್ರಾಮಿನ ಕೈಹಿಡಿದು ಹೆಜ್ಜೆಹೆಜ್ಜೆಗೆ ವರದಿ ಬರೆಯುವ ಗಿಲ್‌ನ ಉಪಾಯವೇ ಅರ್ಧ ಶತಮಾನದ ಮೇಲೆ ಅದೇ ಊರಿನಲ್ಲಿ ಮತ್ತೆ ಚಿಗುರಿತೆನ್ನಬಹುದು.

ಇಲ್ಲಿಯವರೆಗಿನ ಕಥೆ ಸಾಧನಗಳ ಅಭ್ಯುದಯದ್ದು. ಇಷ್ಟಕ್ಕೇ ನಿಲ್ಲಿಸಿದರೆ ಚರಿತ್ರೆ ಅರ್ಧವಾಗುತ್ತದೆ. ಮ್ಯಾಕ್ರೊ, ಮೆಮೊರಿ, ಶೋಧಕ ಸಾಧನ ಮೂರೂ ಒಂದೆಡೆ ಕೂಡಿ ನಡೆದ ಒಂದು ಅನಾಹುತವನ್ನು ಹೇಳಲೇಬೇಕು.

ಜಾಲದ ಮೇಲೆ ನಾವು ಗುಟ್ಟಾಗಿ ಹಣದ ವ್ಯವಹಾರ ಮಾಡುವಾಗ ಅದನ್ನು ಕಾಯುವುದು ರಹಸ್ಯ ಕೀಲಿಗಳು. ಅವು ಯಾರೂ ಊಹಿಸಲಾಗದ ಸಂಖ್ಯೆಗಳಾಗಿರಬೇಕು. ‘ಓಪನ್‌ಎಸ್‌ಎಸ್‌ಎಲ್’ ಎಂಬ ಪ್ರೋಗ್ರಾಮು ಇಂಥ ಸಂಖ್ಯೆಗಳನ್ನು ಹುಟ್ಟಿಸುತ್ತದೆ. ಅದರೊಳಗೆ ಒಂದು ಹುಂಡಿಯುಂಟೆಂದು ಭಾವಿಸಿ. ಕ್ರಮವಿಲ್ಲದ, ಊಹೆಗೆ ಸಿಕ್ಕದ ಸಂಗತಿಗಳನ್ನು ಎಲ್ಲೆಲ್ಲಿಂದಲೋ ತಂದು ಅದರಲ್ಲಿ ಸುರಿಯುತ್ತಾರೆ. ಅದನ್ನು ಕಲಸಿ ಕೀಲಿ ತೆಗೆಯುತ್ತಾರೆ. ಸುರಿಯುವ ಕೆಲಸ ಮಾಡುವ ಸಾಲು ಒಂದು ಮ್ಯಾಕ್ರೊ. ‘ಎಂಡಿ ಅಪ್‌ಡೇಟ್’ ಎಂದು ಅದರ ಹೆಸರು. ಈ ಸಾಲು ಅಕ್ಷರಶಃ ಒಂದೇ ರೂಪದಲ್ಲಿ ಎರಡು ಕಡೆ ಬರುತ್ತಿತ್ತು. ಮೊದಲನೆಯದು ನಿಜವಾಗಿ ಹುಂಡಿಗೆ ಸುರಿಯುವ ಜಾಗ, ಅದೇ ಜೀವಾಳ. ಎರಡನೆಯದು, ಫಲವನ್ನು ತುಂಬಿಕೊಡಬೇಕಾದ ಪಾತ್ರೆಯಲ್ಲಿ ಹಿಂದಿನವರು ಬಿಟ್ಟ ಕಸವೇನಾದರೂ ಇದ್ದರೆ ಅದನ್ನೂ ಹುಂಡಿಗೆ ಹಾಕುವ ಜಾಗ. ಇದ್ದರೂ ಸರಿ, ಬಿಟ್ಟರೂ ಸರಿ. ಕಸವನ್ನು ಮುಟ್ಟುವುದರಿಂದ ಶೋಧಕ ಸಾಧನಗಳು ಸಹಜವಾಗಿಯೇ ದೂರುತ್ತಿದ್ದವು. ಆದ್ದರಿಂದ ಎರಡನೆಯ ಸಾಲಿನ ಸುತ್ತ, ‘ಪ್ಯೂರಿಫೈ’ ಎಂಬ ಹೆಸರು ವಿಧಿಸಿದ್ದರೆ ಈ ಸಾಲು ಬೇಡ ಎಂಬ ಷರತ್ತನ್ನು ಮೂಲಕರ್ತೃಗಳೇ ಹಾಕಿದ್ದರು. ಪಕ್ಕದಲ್ಲಿ ಪ್ಯೂರಿಫೈ ದೂರುತ್ತದೆ ಎಂಬರ್ಥದ ಎರಡೇ ಮಾತಿನ ಟಿಪ್ಪಣಿ. ಮೊದಲನೆಯ ಸಾಲಿಗೆ ಷರತ್ತೂ ಇಲ್ಲ, ಟಿಪ್ಪಣಿಯೂ ಇಲ್ಲ.

೨೦೦೬ರಲ್ಲಿ ‘ಡೆಬಿಯನ್’ ಎಂಬ ಸಾರ್ವಜನಿಕ ವ್ಯವಸ್ಥೆಯಲ್ಲಿ ಈ ಪ್ರೋಗ್ರಾಮನ್ನು ನೋಡಿಕೊಳ್ಳುತ್ತಿದ್ದವರಿಗೆ ವ್ಯಾಲ್‌ಗ್ರಿಂಡಿನ ದೂರುಗಳು ಬಂದವು. ಹಿಂದೆ ಹಿಂದೆ ಹೋಗಿ ನೋಡಿದರೆ ಅವು ಈ ಎರಡು ಸಾಲುಗಳಿಗೆ ಮುಟ್ಟಿದವು. ಅವರು ಅವಸರಪಡಲಿಲ್ಲ, ಇವನ್ನು ತೆಗೆದರೆ ಹೇಗೆಂದು ಬಲ್ಲವರನ್ನು ಕೇಳಿದರು. ದೋಷಶೋಧನೆಯ ಮಟ್ಟಿಗೆ ಕೇಳುತ್ತಿದ್ದಾರೆಂದು ಭಾವಿಸಿದವರಿಂದ ಅನುಕೂಲವಾದ ಉತ್ತರವೇ ಬಂತು. ಎರಡೂ ಸಾಲುಗಳನ್ನು ತೆಗೆದರು. ದೂರು ನಿಂತಿತು. ಪ್ರೋಗ್ರಾಮು ಎಂದಿನಂತೆ ಓಡಿತು. ಸೆಪ್ಟೆಂಬರಿನಲ್ಲಿ ಅದು ಜನರ ಕೈಸೇರಿತು.

ಓಡಿತು, ನಿಜ, ಆದರೆ ಹುಂಡಿಗೆ ಈಗ ಏನೂ ಬೀಳುತ್ತಿರಲಿಲ್ಲ. ಒಂದೇ ಒಂದು ಉಳಿಯಿತು: ಓಡುತ್ತಿರುವ ಪ್ರತಿ ಪ್ರೋಗ್ರಾಮಿಗೂ ಯಂತ್ರ ಕೊಡುವ ಕ್ರಮಸಂಖ್ಯೆ. ಅದು ೧ರಿಂದ ೩೨,೭೬೭ರ ಒಳಗಿನ ಯಾವುದೋ ಒಂದು. ಎಂದರೆ ಒಂದು ಜಾತಿಯ ಯಂತ್ರದಲ್ಲಿ, ಒಂದು ಅಳತೆಯ ಕೀಲಿ ಎಷ್ಟು ಕೋಟಿ ಜನ ಮಾಡಿಸಿಕೊಂಡರೂ, ಬೇರೆಬೇರೆ ಕೀಲಿಗಳು ಮೂವತ್ತಮೂರು ಸಾವಿರಕ್ಕಿಂತ ಕಡಿಮೆ. ಅವನ್ನೆಲ್ಲ ಮೊದಲೇ ಮಾಡಿಟ್ಟುಕೊಂಡ ಕಳ್ಳನು ಒಂದೊಂದಾಗಿ ಹಾಕಿ ನೋಡಿದರೆ ಬಾಗಿಲು ತೆರೆಯಲು ಹೆಚ್ಚು ಹೊತ್ತು ಬೇಡ. ಸುಮಾರು ಇಪ್ಪತ್ತು ತಿಂಗಳು ಇದು ಯಾರ ಕಣ್ಣಿಗೂ ಬೀಳಲಿಲ್ಲ. ಲೂಸಿಯಾನೊ ಬೆಲ್ಲೊ ಎಂಬವರು ಕಂಡುಹಿಡಿದು, ೨೦೦೮ರ ಮೇ ೧೩ರಂದು ಪ್ರಕಟವಾದಾಗ, ಡೆಬಿಯನ್ನಿನಲ್ಲೂ ಅದರಿಂದ ಹುಟ್ಟಿದ ಉಬುಂಟು ಮೊದಲಾದವುಗಳಲ್ಲೂ ಆ ಅವಧಿಯಲ್ಲಿ ಮಾಡಿದ ಕೀಲಿಗಳನ್ನೆಲ್ಲ ಎಸೆದು ಹೊಸದಾಗಿ ಮಾಡಬೇ‌ಕಾಯಿತು. ಉಳಿದ ತಪ್ಪುಗಳು ಪ್ರೋಗ್ರಾಮನ್ನು ಕೆಡವಿ ತಮ್ಮ ಇರವನ್ನು ಸಾರುತ್ತವೆ. ಈ ತಿದ್ದುಪಡಿ ಏನನ್ನೂ ಕೆಡವಲಿಲ್ಲ.

ಇಲ್ಲಿ ಸಾಧನವನ್ನು ದೂರುವಂತಿಲ್ಲ. ವ್ಯಾಲ್‌ಗ್ರಿಂಡ್ ಹೇಳಿದ್ದೆಲ್ಲ ಸತ್ಯ. ಬರೆಯದೆ ಬಿಟ್ಟ ಜಾಗದ ಕಸ ಅಲ್ಲಿಗೆ ಬರುತ್ತಿದ್ದದ್ದೂ ಹೌದು. ಆದರೆ ‘ಇಲ್ಲಿ ಹೀಗಾಗುತ್ತಿದೆ’ ಎನ್ನುವುದಷ್ಟೇ ಅದರ ಅಧಿಕಾರ. ‘ಆದ್ದರಿಂದ ಇದು ತಪ್ಪು, ಇದನ್ನು ತೆಗೆ’ ಎಂದು ಅದು ಹೇಳಲಿಲ್ಲ; ಆ ತೀರ್ಪು ಮನುಷ್ಯನದು. ಹಸ್ತಪ್ರತಿಗಳನ್ನು ಸಂಪಾದಿಸುವವರಿಗೆ ಈ ಪ್ರಸಂಗ ಬಹಳ ಪರಿಚಿತ. ಪ್ರತಿಕಾರನಿಗೆ ಒಂದು ಪದ ವಿಚಿತ್ರವಾಗಿ ಕಾಣುತ್ತದೆ. ಛಂದಸ್ಸು ಕೆಡದಂತೆ ತನಗೆ ಗೊತ್ತಿರುವ ಪದವನ್ನು ಹಾಕುತ್ತಾನೆ. ಪದ್ಯ ಸಲೀಸಾಗಿ ಓಡುತ್ತದೆ. ಕವಿಯ ಅರ್ಥ ಮಾತ್ರ ಹೋಗಿರುತ್ತದೆ. ಅರ್ಥವಾಗದ ಪಾಠವನ್ನು ಅರ್ಥವಾಗುವ ಪಾಠಕ್ಕಾಗಿ ಬಿಟ್ಟುಕೊಡುವ ಮುನ್ನ ಹತ್ತು ಸಲ ಯೋಚಿಸಿ ಎಂದು ಸಂಪಾದಕರು ಹೇಳುವುದು ಇದಕ್ಕೇ.

ಹಾಗೆಂದು ತೆಗೆದವರೊಬ್ಬರ ಮೇಲೆ ಹೊರೆ ಹೊರಿಸುವುದೂ ನ್ಯಾಯವಲ್ಲ. ಎರಡು ಸಾಲುಗಳೂ ನೋಡಲು ಒಂದೇ ಆಗಿದ್ದವು. ಬರೆದವರು ಒಂದರ ಪಕ್ಕದಲ್ಲಿ ಸಾಧನದ ದೂರನ್ನು ಗುರುತಿಸಿದರೇ ಹೊರತು, ಆ ಸಾಲು ಏತಕ್ಕಾಗಿ ಇದೆ ಎಂದು ಬರೆಯಲಿಲ್ಲ. ಜೀವಾಳವಾದ ಇನ್ನೊಂದರ ಪಕ್ಕದಲ್ಲಿ ಏನನ್ನೂ ಬರೆಯಲಿಲ್ಲ. ಸೂತ್ರವನ್ನು ಸಂಕ್ಷೇಪವಾಗಿ ಬರೆಯಬಹುದೆಂದು ಒಪ್ಪಿದ ನಮ್ಮ ಪೂರ್ವಿಕರು, ಸೂತ್ರದ ಜೊತೆಗೆ ವೃತ್ತಿಯೂ ಬೇಕೆಂದು ಬಲ್ಲವರಾಗಿದ್ದರು. ಕೇಶಿರಾಜನು ‘ಶಬ್ದಮಣಿದರ್ಪಣ’ದ ಸೂತ್ರಗಳಿಗೆ ತಾನೇ ವೃತ್ತಿಯನ್ನು ಬರೆದು, ಪ್ರಯೋಗಗಳನ್ನೂ ಕೊಟ್ಟ. ಅದಿಲ್ಲದಿದ್ದರೆ ಆ ಸೂತ್ರಗಳನ್ನು ನಾವು ಹೇಗೆ ಹೇಗೆ ತಿದ್ದಿಬಿಡುತ್ತಿದ್ದೆವೋ!

ಸಾಧನಗಳು ಈಗಲೂ ಬೆಳೆಯುತ್ತಿವೆ. ೨೦೧೨ರಲ್ಲಿ ಗೂಗಲಿನವರು ವ್ಯಾಲ್‌ಗ್ರಿಂಡಿಗಿಂತ ಬಹಳ ವೇಗವಾಗಿ ಮೆಮೊರಿಯ ತಪ್ಪು ಹಿಡಿಯುವ ಇನ್ನೊಂದು ಸಾಧನವನ್ನು ತಂದರು. ೨೦೧೫ರಲ್ಲಿ ಪೂರ್ಣರೂಪಕ್ಕೆ ಬಂದ ‘ರಸ್ಟ್’ ಎಂಬ ಭಾಷೆಯಲ್ಲಿ ವಠಾರಕ್ಕೆ ಬಾಗಿಲಲ್ಲೇ ಕಾವಲು ಉಂಟು. ಆದರೂ ೨೦೧೯ರಲ್ಲಿ ಮೈಕ್ರೊಸಾಫ್ಟಿನವರೇ ಹೇಳಿದಂತೆ, ಅವರು ವರ್ಷವರ್ಷ ಮುಚ್ಚುತ್ತಿದ್ದ ಭದ್ರತೆಯ ಬಿರುಕುಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟು ಮೆಮೊರಿಯ ತಪ್ಪುಗಳೇ. ಹುಳು ಹಿಡಿಯುವವರಿಗೆ ಕೆಲಸ ತಪ್ಪುವಂತಿಲ್ಲ.

ನಮ್ಮ ಮನೆಗಳಿಂದ ಎಷ್ಟೋ ಮಕ್ಕಳು ಇಂದು ಈ ಕಸುಬಿಗೆ ಹೋಗುತ್ತಿದ್ದಾರೆ. ಅವರಿಗೆ ಡಿಬಗ್ಗರನ್ನು ನಡೆಸಲು ಕಲಿಸುವ ಗುರುಗಳು ಬೇಕಾದಷ್ಟು ಮಂದಿ ಇದ್ದಾರೆ. ಅದು ನನ್ನ ಕೆಲಸವಲ್ಲ. ಬರವಣಿಗೆ ಕಲಿಸುವವನಾಗಿ ನಾನು ಹೇಳಬಹುದಾದದ್ದು ಒಂದೇ. ತೆಗೆಯಬಾರದ ಸಾಲನ್ನು ಬರೆದಾಗ, ಅದನ್ನು ಏಕೆ ತೆಗೆಯಬಾರದೆಂದು ಪಕ್ಕದಲ್ಲಿ ಒಂದು ಮಾತು ಬರೆದಿಡಿ. ಮುಂದೆ ಅದನ್ನು ಓದುವವನು ನಿಮ್ಮನ್ನು ಕಂಡಿರುವುದಿಲ್ಲ; ಅವನ ಕೈಯಲ್ಲಿ ಒಂದು ಸಾಧನವಿರುತ್ತದೆ, ಆ ಸಾಧನ ನಿಮ್ಮ ಸಾಲಿನ ಮೇಲೆ ದೂರುತ್ತಿರುತ್ತದೆ.